ಗುಂಡು ಹೊಟ್ಟೆಗೆ ಮರುಳಾದೆ

ಪಶುವೈದ್ಯರ ಕ್ಲಿನಿಕ್‌ನಲ್ಲಿ ಸಹಾಯಕಿಯಾಗಿ ಸೇರಿದ ಹೊಸತು. ಒಳಗೆ ಬಂದ ಪ್ರಾಣಿಯ ತೂಕ ನೋಡಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಯಂತ್ರದ ಮೇಲೆ ಇಡಬೇಕು, ಅಂಕಿ ಓದಬೇಕು, ಬರೆಯಬೇಕು. ಇದರಲ್ಲಿ ಎಡವೋಕೆ ಏನಿದೆ ಅಂದುಕೊಂಡಿದ್ದೆ.

ಒಂದು ಸಂಜೆ ಒಬ್ಬರು ರಟ್ಟಿನ ಡಬ್ಬಿಯಲ್ಲಿ ಬೂದು ಬಣ್ಣದ ಬೆಕ್ಕಿನ ಮರಿ ತಂದರು. ಬೀದಿಯಲ್ಲಿ ಸಿಕ್ಕಿದ್ದಂತೆ. "ಎರಡು ತಿಂಗಳಿರಬಹುದು" ಅಂದರು. ತೂಕ 850 ಗ್ರಾಂ. ಗೋಡೆಯ ಪಟ್ಟಿ ನೋಡಿದೆ, ಎರಡು ತಿಂಗಳಿಗೆ ಸರಿಯಾಗಿದೆ. ಮೈತುಂಬ ಉದ್ದ ಕೂದಲು, ಹೊಟ್ಟೆ ಚೆಂಡಿನ ಹಾಗೆ. "ಚೆನ್ನಾಗಿ ತಿಂದು ಗುಂಡಗಿದೆ ಸರ್" ಅಂತ ಹೇಳಿಯೂಬಿಟ್ಟೆ. ಅವರ ಮುಖ ಅರಳಿತು.

ಡಾಕ್ಟರ್ ಮೇಡಂ ಬಂದವರು ಕಾರ್ಡಿನ ಕಡೆ ನೋಡಲೇ ಇಲ್ಲ. ಮರಿಯ ಬೆನ್ನ ಮೇಲೆ ಎರಡು ಬೆರಳು ಇಟ್ಟು ಕತ್ತಿನಿಂದ ಬಾಲದವರೆಗೆ ಎಳೆದರು. ಆಮೇಲೆ ನನ್ನನ್ನು ಕರೆದರು. "ಕಣ್ಣು ಮುಚ್ಚಿಕೊಂಡು ಮುಟ್ಟು."

ಮುಟ್ಟಿದೆ. ಕೂದಲಿನ ಕೆಳಗೆ ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಕೈಗೆ ಸಿಕ್ಕಿದವು, ಜಪಮಣಿ ಎಣಿಸಿದ ಹಾಗೆ. ಸೊಂಟದ ಮೂಳೆ ಚೂಪಾಗಿ ಚುಚ್ಚುತ್ತಿತ್ತು. ಇಷ್ಟು ಹೊತ್ತು ನಾನು ನೋಡಿದ್ದು ಬರೀ ಕೂದಲು ಮತ್ತು ಹೊಟ್ಟೆ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ, ಮರಿಯ ಬಾಯಿ ಬಿಡಿಸಿದರು. ಮೇಲಿನ ಸಾಲಿನ ನಟ್ಟನಡುವೆ ಎರಡು ಹಲ್ಲು ಪಕ್ಕದವಕ್ಕಿಂತ ಅಗಲವಾಗಿದ್ದವು. ಅವು ಹಾಲುಹಲ್ಲಲ್ಲ. ಮುಂದಿನ ಹಾಲುಹಲ್ಲು ಉದುರಿ ಕಾಯಂ ಹಲ್ಲು ಬರುವುದು ಸುಮಾರು ಮೂರೂವರೆ, ನಾಲ್ಕು ತಿಂಗಳಿಗೆ. ಅಂದರೆ ಮರಿಗೆ ಹತ್ತಿರಹತ್ತಿರ ನಾಲ್ಕು ತಿಂಗಳು. ಇರಬೇಕಾದ ತೂಕ 1.8 ಕಿಲೋ ಆಸುಪಾಸು. ಇದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಮಲ ಪರೀಕ್ಷೆ ಮಾಡಿದಾಗ ಜಂತುಹುಳುವಿನ ಮೊಟ್ಟೆಗಳು ಧಾರಾಳವಾಗಿ ಕಂಡವು. ಹೊಟ್ಟೆ ಊದಿದ್ದು ಅದರಿಂದ. ನನ್ನ ಅಂಕಿ ಸರಿಯಾಗೇ ಇತ್ತು, ಅದನ್ನು ಹೋಲಿಸಿದ ವಯಸ್ಸು ತಪ್ಪಾಗಿತ್ತು.

ಅಂದಿನಿಂದ ನನ್ನ ಕ್ರಮ ತಲೆಕೆಳಗಾಯಿತು. ಮೊದಲು ಕೈ, ಆಮೇಲೆ ಹಲ್ಲು, ಕೊನೆಗೆ ಯಂತ್ರ.

ಕೈಯ ಲೆಕ್ಕ ಕಲಿಯಲು ನಿಮ್ಮದೇ ಕೈ ಸಾಕು. ಮುಷ್ಟಿ ಬಿಗಿದು ಇನ್ನೊಂದು ಕೈಯ ಬೆರಳನ್ನು ಗೆಣ್ಣುಗಳ ಮೇಲೆ ಆಡಿಸಿ. ಮರಿಯ ಪಕ್ಕೆಲುಬು ಹೀಗೆ ಸಿಕ್ಕರೆ ತೀರಾ ಬಡಕಲು. ಈಗ ಕೈ ಬಿಚ್ಚಿ, ಅಂಗೈ ಕೆಳಗೆ ಮಾಡಿ, ಹಿಂಬದಿಯ ಮೂಳೆಗಳನ್ನು ಸವರಿ. ಮೂಳೆ ಗೊತ್ತಾಗುತ್ತದೆ, ಮೇಲೊಂದು ತೆಳು ಪದರವೂ ಇದೆ, ಅಲ್ವಾ? ಇದು ಸರಿಯಾದ ಮೈ. ಅಂಗೈ ಮೇಲೆ ಮಾಡಿ ಬೆರಳ ಬುಡದ ದಪ್ಪ ಭಾಗ ಒತ್ತಿ ನೋಡಿ. ಮೂಳೆ ಹುಡುಕಬೇಕಾದರೆ ಕೊಬ್ಬು ಜಾಸ್ತಿ. ಮರಿಯನ್ನು ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು. ಬೆನ್ನು ಸೊರಗಿದ್ದು ಹೊಟ್ಟೆ ಮಾತ್ರ ಗುಂಡಗಿದ್ದರೆ ಖುಷಿಪಡಬೇಡಿ, ಡಾಕ್ಟರಿಗೆ ತೋರಿಸಿ. ಹುಳುವಲ್ಲದೆ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆಯೂ ಇರಬಹುದು. ಊಟವಾದ ತಕ್ಷಣ ಎಲ್ಲ ಮರಿಗಳ ಹೊಟ್ಟೆಯೂ ಉಬ್ಬುತ್ತದೆ, ಅದು ಬೇರೆ ಮಾತು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಇನ್ನು ಅಂಕಿ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ ಇರುತ್ತದೆ. ಆಮೇಲೆ ದಿನಕ್ಕೆ 10ರಿಂದ 15 ಗ್ರಾಂ ಏರಿ, ಒಂದೆರಡು ವಾರದೊಳಗೆ ಎರಡರಷ್ಟಾಗುತ್ತದೆ. ನಾಲ್ಕೈದು ತಿಂಗಳವರೆಗೆ ತಿಂಗಳಿಗೆ 450 ಗ್ರಾಂ ಅನ್ನುವುದು ನಾವು ತಲೆಯಲ್ಲಿ ಇಟ್ಟುಕೊಳ್ಳುವ ಅಂದಾಜು. ಒಂದು ತಿಂಗಳಿಗೆ 450, ಎರಡಕ್ಕೆ 900, ಮೂರಕ್ಕೆ 1.3 ಕಿಲೋ, ಹೀಗೆ. ಆಮೇಲೆ ವೇಗ ತಗ್ಗುತ್ತದೆ. ಇದು ಅಂದಾಜು ಅಷ್ಟೇ. ಹೆಣ್ಣುಮರಿ ಸಾಮಾನ್ಯವಾಗಿ ಗಂಡಿಗಿಂತ ಹಗುರ. ಮೈನ್ ಕೂನ್‌ನಂತಹ ದೊಡ್ಡ ತಳಿಗೆ ಈ ಲೆಕ್ಕ ಹಿಡಿಸುವುದೇ ಇಲ್ಲ, ಅವು ಮೂರ್ನಾಲ್ಕು ವರ್ಷದವರೆಗೂ ಬೆಳೆಯುತ್ತಿರುತ್ತವೆ.

ಒಂದು ಸಲದ ತೂಕಕ್ಕಿಂತ ನಾನು ಹೆಚ್ಚು ನಂಬುವುದು ಸಾಲಾಗಿ ಬರೆದಿಟ್ಟ ತೂಕಗಳನ್ನು. ಅಡುಗೆಮನೆಯ ಗ್ರಾಂ ತೋರಿಸುವ ತಕ್ಕಡಿ ಸಾಕು. ಮೇಲೆ ಡಬ್ಬಿ ಇಟ್ಟು ಸೊನ್ನೆ ಮಾಡಿ, ಒಳಗೆ ಮರಿಯನ್ನು ಬಿಡಿ. ಪ್ರತಿ ಸಲ ಅದೇ ಹೊತ್ತಿಗೆ, ಊಟಕ್ಕೆ ಮುಂಚೆ. ಹಾಲು ಕುಡಿಯುವ ಪುಟ್ಟ ಮರಿಗೆ ದಿನವೂ, ಎರಡು ತಿಂಗಳು ದಾಟಿದ್ದಕ್ಕೆ ವಾರಕ್ಕೊಮ್ಮೆ. ಹಾಲು ಕುಡಿಯುವ ಮರಿಯ ತೂಕ ಒಂದಿಡೀ ದಿನ ಏರದೆ ನಿಂತರೆ ಸುಮ್ನೆ ಕಾಯಬೇಡಿ, ಫೋನ್ ಮಾಡಿ. ಇಳಿದರಂತೂ ಅವತ್ತೇ ಕರೆದುಕೊಂಡು ಬನ್ನಿ. ತೂಕ ಸರಿಯಾಗಿ ಗೊತ್ತಿರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹುಳುವಿನ ಔಷಧಿಯ ಅಳತೆ ನಿಲ್ಲುವುದೇ ಅದರ ಮೇಲೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಮೇಲೆ ತೊಂದರೆ ಉಲ್ಟಾ ಆಗುತ್ತದೆ. ಹಸಿವು ಜಾಸ್ತಿ, ಮೈಗೆ ಬೇಕಾದದ್ದು ಕಡಿಮೆ. ಆಗಲೂ ಇದೇ ಕೈ ಪರೀಕ್ಷೆ ನಡೆಯುತ್ತದೆ. ಹಿಂಗಾಲುಗಳ ನಡುವೆ ಜೋತಾಡುವ ಸಡಿಲ ಚರ್ಮವನ್ನು ಮಾತ್ರ ಬೊಜ್ಜು ಅನ್ನಬೇಡಿ. ಅದು ತೆಳ್ಳಗಿನ ಬೆಕ್ಕಿಗೂ ಇರುತ್ತದೆ.

ಬೂದು ಮರಿ ಮೂರು ವಾರದ ನಂತರ ಮತ್ತೆ ಬಂತು. ಹುಳುವಿನ ಔಷಧಿ ಎರಡು ಸಲ ಆಗಿತ್ತು, ದಿನಕ್ಕೆ ನಾಲ್ಕು ಹೊತ್ತು ಮರಿಗಳ ಆಹಾರ ಹೊಟ್ಟೆಗೆ ಬೀಳುತ್ತಿತ್ತು. ಚೆಂಡಿನಂತಹ ಹೊಟ್ಟೆ ಮಾಯ. ತಂದವರ ಮುಖ ಸಪ್ಪಗಿತ್ತು. "ಮೇಡಂ, ಇದು ಸಣ್ಣಗಾಗಿಬಿಟ್ಟಿದೆ, ಅಲ್ವಾ?"

ತೂಕ 1,210 ಗ್ರಾಂ ತೋರಿಸಿತು. ಅಂಕಿ ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ.

"ಸರ್, ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ" ಅಂದೆ. ಅವರ ಎರಡು ಬೆರಳು ಹಿಡಿದು ಮರಿಯ ಬೆನ್ನ ಮೇಲೆ ಇಟ್ಟೆ.