ನಲವತ್ತು ಮೆಟ್ಟಿಲುಗಳ ಮೇಲಿನ ಮಳೆ

“ಹೊಡೆಯೋದನ್ನ ಇಷ್ಟು ಚೆಂದ ಮಾಡಿ ಯಾಕೆ ತೋರಿಸ್ತಾರೆ ಕಣಮ್ಮ?”

ಕಳೆದ ಭಾನುವಾರ ರಾತ್ರಿ ಅಪ್ಪ ಹೀಗೆ ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ಪರದೆಯ ಮೇಲೆ ಪೊಲೀಸನೊಬ್ಬನೂ ಅವನ ಕೈಗೆ ಸಿಕ್ಕಿದವನೂ ಗೋಡೆಯ ಮೇಲಿನ ಬರೀ ನೆರಳುಗಳಾಗಿ ಸೆಣಸುತ್ತಿದ್ದರು. ಒಂದೊಂದು ಏಟೂ ಕುಣಿತದ ಹೆಜ್ಜೆಯಂತೆ ಬೀಳುತ್ತಿತ್ತು, ನಾನು ಅದರ ಸೊಗಸಿನಲ್ಲಿ ಮೈಮರೆತಿದ್ದೆ. ಅಪ್ಪ 34 ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಸಿನಿಮಾದಲ್ಲಿ ಖಾಕಿ ಕಂಡರೆ ಎದ್ದು ಒಳಗೆ ಹೋಗುವುದು ಅವರ ರೂಢಿ. ಅಂದು ಮಾತ್ರ ಅವರು ಏಳದೆ ಕೊನೆಯವರೆಗೂ ಕುಳಿತರು.

ನಾವು ನೋಡುತ್ತಿದ್ದುದು ಲೀ ಮ್ಯುಂಗ್-ಸೆ ನಿರ್ದೇಶಿಸಿದ, 1999ರಲ್ಲಿ ಬಿಡುಗಡೆಯಾದ ದಕ್ಷಿಣ ಕೊರಿಯಾದ ಚಿತ್ರ ‘ನೋವೇರ್ ಟು ಹೈಡ್’. ಒಂದು ಕೊಲೆಯಾಗುತ್ತದೆ, ಇಂಚೋನ್ ನಗರದ ಪೊಲೀಸರು ಕೊಲೆಗಾರನ ಬೆನ್ನು ಹತ್ತುತ್ತಾರೆ. ಕಥೆ ಅಷ್ಟೇ. ಉಳಿದುದೆಲ್ಲ ಹೇಳುವ ರೀತಿಯಲ್ಲಿದೆ. ಬೆನ್ನು ಹತ್ತುವ ವೂ ಎಂಬ ಒರಟು ಪೊಲೀಸನಾಗಿ ಪಾಕ್ ಜೂಂಗ್-ಹೂನ್, ತುಟಿ ಬಿಚ್ಚುವುದೇ ಅಪರೂಪವಾದ ಕೊಲೆಗಾರನಾಗಿ ಆನ್ ಸುಂಗ್-ಕಿ ನಟಿಸಿದ್ದಾರೆ. ಇದೇ ಇಬ್ಬರು 1993ರ ಒಂದು ಹಾಸ್ಯಚಿತ್ರದಲ್ಲಿ ಜೊತೆಗಾರ ಪೊಲೀಸರಾಗಿ ಕೊರಿಯಾದ ಜನರನ್ನು ನಗಿಸಿದ್ದವರು. ಆ ಜೋಡಿಯನ್ನು ಪ್ರೀತಿಸಿದ ಪ್ರೇಕ್ಷಕರಿಗೆ ಇಲ್ಲಿ ಒಬ್ಬರು ಇನ್ನೊಬ್ಬರನ್ನು ಬೇಟೆಯಾಡುವುದನ್ನು ನೋಡುವುದು ಹೇಗಿದ್ದಿರಬೇಕೆಂದು ನಾನು ಹಲವು ಬಾರಿ ಯೋಚಿಸಿದ್ದೇನೆ. 2000ದಲ್ಲಿ ಫ್ರಾನ್ಸಿನ ದೋವಿಲ್ ಏಷ್ಯನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಅಗ್ರ ಪ್ರಶಸ್ತಿ ಬಂದಿತ್ತು.

ಡಿವಿಡಿಯನ್ನು ನನ್ನ ಗೆಳತಿ ಸೋಲ್ ನಗರದ ಹಳೆಯ ಸಾಮಾನಿನ ಅಂಗಡಿಯೊಂದರಿಂದ ತಂದುಕೊಟ್ಟಿದ್ದಳು. ಮನೆಯ ಪ್ಲೇಯರ್ ಅದನ್ನು ಎರಡು ಸಲ ನುಂಗಿ ಎರಡು ಸಲವೂ ಹೊರಕ್ಕೆ ದೂಡಿತು. ಡಿವಿಡಿ ಲೋಕದಲ್ಲಿ ದಕ್ಷಿಣ ಕೊರಿಯಾ 3ನೆಯ ವಲಯಕ್ಕೆ, ಭಾರತ 5ನೆಯ ವಲಯಕ್ಕೆ ಸೇರಿವೆ. ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಯಂತ್ರದಲ್ಲಿ ಓಡಬಾರದೆಂದು ಬೀಗ ಹಾಕಿರುತ್ತಾರೆ. ಕಡೆಗೆ ಹಳೆಯ ಕಂಪ್ಯೂಟರಿನ ಡ್ರೈವ್‌ನಲ್ಲಿ ವಲಯವನ್ನು ಬದಲಾಯಿಸಿದೆ. ಆ ಡ್ರೈವ್ ತನ್ನ ಆಯುಷ್ಯದಲ್ಲಿ ಐದು ಸಲ ಮಾತ್ರ ಹೀಗೆ ವಲಯ ಬದಲಿಸಲು ಬಿಡುತ್ತದೆ, ಅದರಲ್ಲಿ ಒಂದನ್ನು ಈ ಚಿತ್ರಕ್ಕೆ ಕೊಟ್ಟಿದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. “ಇಷ್ಟೆಲ್ಲ ಯಾಕಕ್ಕ, ಫೋನಲ್ಲಿ ಹುಡುಕಿದ್ರೆ ಸಿಗಲ್ವಾ?” ಎಂದ ನನ್ನ ತಮ್ಮ ಒಳ್ಳೆಯ ಹುಡುಗ, ಆದರೆ ಕಾದು ಪಡೆದುದರ ರುಚಿ ಅವನಿಗೆ ಇನ್ನೂ ತಿಳಿದಿಲ್ಲ.

ಆರಂಭದ ಕೊಲೆಯ ದೃಶ್ಯವನ್ನು ಈ ವಾರ ಆರೇಳು ಬಾರಿಯಾದರೂ ನೋಡಿದ್ದೇನೆ. ಎತ್ತರದ ಕಲ್ಲಿನ ಮೆಟ್ಟಿಲುಗಳು, ಹಳದಿ ಎಲೆಗಳು, ಇದ್ದಕ್ಕಿದ್ದಂತೆ ಸುರಿಯತೊಡಗುವ ಮಳೆ, ಹಿನ್ನೆಲೆಯಲ್ಲಿ ಬೀ ಜೀಸ್ ತಂಡದ 1967ರ ‘ಹಾಲಿಡೇ’ ಎಂಬ ಮೆಲ್ಲನೆಯ ಹಾಡು. ಕತ್ತಿ ಮೊದಲು ಸೀಳುವುದು ಕೊಡೆಯನ್ನು. ಬಟ್ಟೆ ಹರಿದು, ಅದುವರೆಗೆ ಹೊರಗಿದ್ದ ಮಳೆ ಆ ಮನುಷ್ಯನ ಮೇಲೆ ಸುರಿಯುತ್ತದೆ. ಕಥೆ ಇಂಚೋನಿನದಾದರೂ ಆ ಮೆಟ್ಟಿಲುಗಳು ಬೂಸಾನ್ ನಗರದವು, ಅಲ್ಲಿನವರು ಅವನ್ನು ‘ನಲವತ್ತು ಮೆಟ್ಟಿಲು’ ಎಂದೇ ಕರೆಯುತ್ತಾರೆ. 1950ರಲ್ಲಿ ಶುರುವಾದ ಯುದ್ಧದಲ್ಲಿ ಮನೆ ಮಠ ಕಳೆದುಕೊಂಡು ಬಂದ ನಿರಾಶ್ರಿತರು ಕಳೆದುಹೋದ ತಮ್ಮವರನ್ನು ಹುಡುಕುತ್ತಾ ಸೇರುತ್ತಿದ್ದ ಜಾಗವದು. ಅಷ್ಟು ಜನ ಅಷ್ಟು ದಿನ ಕಾದು ಕುಳಿತಿದ್ದ ಕಲ್ಲುಗಳ ಮೇಲೆ ಕೊಲೆಗಾರನೊಬ್ಬ ಕಾದು ನಿಲ್ಲುತ್ತಾನೆ ಎಂಬುದು ತಿಳಿದ ಮೇಲೆ ಆ ದೃಶ್ಯದಲ್ಲಿ ಬರೀ ಚೆಲುವನ್ನು ಕಾಣುವುದು ನನಗೆ ಸಾಧ್ಯವಾಗುತ್ತಿಲ್ಲ. ಹಾಗಿದ್ದೂ ಅದು ಚೆಲುವಾಗಿಯೇ ಇದೆ. ಅಪ್ಪನ ಪ್ರಶ್ನೆ ಚುಚ್ಚುವುದು ಇಲ್ಲಿಯೇ.

ಒಂದು ಕೊರಗನ್ನೂ ಹೇಳಬೇಕು. ಈ ಚಿತ್ರದ ಜೀವವಿರುವುದು ಮಳೆಯಲ್ಲಿ, ಡಿವಿಡಿ ಸೋಲುವುದೂ ಮಳೆಯ ಮುಂದೆಯೇ. ಡಿಸ್ಕ್‌ನೊಳಗೆ ಚಿತ್ರವನ್ನು ಅಡಕ ಮಾಡಿ ಇಡುವಾಗ, ಹಿಂದಿನ ಚೌಕಟ್ಟಿಗೂ ಮುಂದಿನದಕ್ಕೂ ಏನು ಬದಲಾಯಿತೋ ಅದನ್ನಷ್ಟೇ ಬರೆದಿಟ್ಟು ಜಾಗ ಉಳಿಸುತ್ತಾರೆ. ಗೋಡೆ, ಮೇಜು, ಸುಮ್ಮನೆ ಕುಳಿತ ಮನುಷ್ಯ ಇವಕ್ಕೆಲ್ಲ ಆ ಲೆಕ್ಕ ಸಾಕು. ಮಳೆಯಲ್ಲಿ ಮಾತ್ರ ಪ್ರತಿ ಚೌಕಟ್ಟಿನಲ್ಲೂ ಪ್ರತಿ ಹನಿಯೂ ಹೊಸದು. ಲೆಕ್ಕ ತಪ್ಪಿ, ನೀರಿನ ಗೆರೆಗಳು ಒಡೆದು ಸಣ್ಣ ಸಣ್ಣ ಚೌಕಗಳಾಗುತ್ತವೆ. ಛಾಯಾಗ್ರಾಹಕರು ಅಷ್ಟು ಆಸ್ಥೆಯಿಂದ ಹಿಡಿದ ಮಳೆ ನನ್ನ ಪರದೆಯ ಮೇಲೆ ಕೆಲವೊಮ್ಮೆ ಹರಳುಪ್ಪು ಸುರಿದಂತೆ ಕಂಡಿತು. ಇಂಥ ಚಿತ್ರವನ್ನು ಒಮ್ಮೆಯಾದರೂ ಥಿಯೇಟರಿನ ಕತ್ತಲೆಯಲ್ಲಿ ನೋಡುವ ಯೋಗ ನನಗಿರಬೇಕಿತ್ತು.

ಸೋಮವಾರ ಸಂಜೆ ಅಪ್ಪ ಡಿಸ್ಕ್‌ನ ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸುತ್ತಾ ಹೆಸರಿನ ಅರ್ಥ ಕೇಳಿದರು. ‘ನೋವೇರ್ ಟು ಹೈಡ್’ ಎಂದರೆ ಅಡಗಲು ಜಾಗವಿಲ್ಲ ಎಂದೆ. ಕೊರಿಯನ್ ಹೆಸರಿನಲ್ಲಿ ಈ ಮಾತೇ ಇಲ್ಲ. ಅದು ‘ಇನ್‌ಜೊಂಗ್-ಸಾಜೊಂಗ್’ ಎಂದು ಶುರುವಾಗುತ್ತದೆ, ಗೆಳತಿ ಅದನ್ನು ನನಗೆ ಬಿಡಿಸಿ ಹೇಳಿದ್ದಳು. ಇನ್‌ಜೊಂಗ್ ಎಂದರೆ ಕರುಣೆ, ಸಾಜೊಂಗ್ ಎಂದರೆ ಎದುರಿಗಿರುವವನ ಪರಿಸ್ಥಿತಿ, ಇವೆರಡನ್ನೂ ನೋಡಬೇಕಾದ್ದಿಲ್ಲ ಎಂಬುದು ಪೂರ್ತಿ ಹೆಸರು. ದಯೆ ದಾಕ್ಷಿಣ್ಯ ಬೇಡ ಎಂದು ನಾವು ಅನ್ನುವ ಹಾಗೆಯೇ. ಇಂಗ್ಲಿಷ್ ಹೆಸರು ಓಡುವವನನ್ನು ಕುರಿತದ್ದು, ಕೊರಿಯನ್ ಹೆಸರು ಅಟ್ಟಿಸಿಕೊಂಡು ಹೋಗುವವನನ್ನು ಕುರಿತದ್ದು. ಹೊರದೇಶದ ಮಾರಾಟಕ್ಕೆಂದು ಹೆಸರು ಬದಲಿಸಿದವರು ಚಿತ್ರದ ಮುಖವನ್ನೇ ಇನ್ನೊಂದು ದಿಕ್ಕಿಗೆ ತಿರುಗಿಸಿದ್ದಾರೆಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮಗೂ ಹಂಗೇ ಹೇಳಿ ಕಳಿಸೋರು,” ಎಂದರು. “ಜೀಪು ಹತ್ತೋ ಮುಂಚೆ. ದಯೆ ದಾಕ್ಷಿಣ್ಯ ಬೇಡ ಅಂತ.”

ಹೇಳಿ ಕಳಿಸಿದ ಮೇಲೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಅಪ್ಪ ಮೃದು ಮನುಷ್ಯ, ಬೀದಿನಾಯಿಗೂ ಗದರದವರು. ಆ ಮೃದುತನ ಮೊದಲಿನಿಂದಲೂ ಇತ್ತೋ, ಏನನ್ನೋ ಕಂಡ ಮೇಲೆ ಬಂದದ್ದೋ ಎಂದು ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹೊಡೆಯುವುದನ್ನು ಚೆಂದ ಮಾಡಿ ಯಾಕೆ ತೋರಿಸುತ್ತಾರೆ ಎಂಬ ಪ್ರಶ್ನೆಯನ್ನು ಭಾನುವಾರ ನಾನು ಸಿನಿಮಾದ ಪ್ರಶ್ನೆಯಾಗಿ ಕೇಳಿಸಿಕೊಂಡಿದ್ದೆ. ಅದರಲ್ಲಿ ಸೆಲ್‌ನೊಳಗಿನ ಏಟಿನ ಸದ್ದನ್ನು ಹತ್ತಿರದಿಂದ ಬಲ್ಲವರೊಬ್ಬರ ದನಿಯಿತ್ತು ಎಂಬುದು ಸೋಮವಾರ ಹೊಳೆಯಿತು. ಹಾಗೆಂದು ಆ ನಿರ್ದೇಶಕನನ್ನು ನಾನು ಬಿಟ್ಟುಕೊಡಲಾರೆ. ಅವನು ಹಿಂಸೆಗೆ ಬಣ್ಣ ಹಚ್ಚುತ್ತಿದ್ದಾನೆಂದು ಅನ್ನಿಸುವ ಕಡೆಯಲ್ಲೇ, ಕಾಯುವುದರ ಬೇಸರ, ಒದ್ದೆ ಬೂಟು, ಕಾರಿನೊಳಗಿನ ನಿದ್ದೆಗೇಡು ಎಲ್ಲವನ್ನೂ ಅಷ್ಟೇ ಶ್ರದ್ಧೆಯಿಂದ ಕಾಣಿಸುತ್ತಾನೆ.

ಬುಧವಾರ ಅಪ್ಪ ತಾವಾಗಿಯೇ ಬಂದು ಕೊನೆಯ ಹೊಡೆದಾಟವನ್ನು ಇನ್ನೊಮ್ಮೆ ಹಾಕು ಎಂದರು. ಕಲ್ಲಿದ್ದಲ ಗಣಿಯ ಕರಿಮಣ್ಣು, ಸುರಿಯುವ ಮಳೆ, ನಡುವೆ ಪೊಲೀಸ್ ಮತ್ತು ಕೊಲೆಗಾರ. ಸೌಂಡ್ ತೆಗಿ ಎಂದರು, ತೆಗೆದೆ. ಕುರ್ಚಿಯ ಬೆನ್ನು ಹಿಡಿದು ನಿಂತೇ ನೋಡಿದರು. ಒಬ್ಬನ ಮುಷ್ಟಿ ಇನ್ನೊಬ್ಬನ ಕೆನ್ನೆಯನ್ನು ಮುಟ್ಟುವ ಕಡೆ ನಿಲ್ಲಿಸಲು ಹೇಳಿ, ಪರದೆಯ ಹತ್ತಿರಕ್ಕೆ ಬಾಗಿದರು.

“ಇಬ್ಬರಿಗೂ ಸುಸ್ತಾಗಿದೆ ನೋಡು,” ಎಂದರು. “ಕೈ ಎತ್ತೋಕೂ ಆಗ್ತಿಲ್ಲ.”