ಅಪ್ಪನ ಸ್ಪ್ಲೆಂಡರಿನ ಹಸಿರು ವೈರು

ನಮ್ಮ ಮನೆಯಲ್ಲಿ 1999ರ ಒಂದು ಹೀರೋ ಹೋಂಡಾ ಸ್ಪ್ಲೆಂಡರ್ ಬೈಕು ಉಂಟು, ಅಪ್ಪನದ್ದು. ಮಲ್ಪೆ ಬಂದರಿನಲ್ಲಿ ಲೆಕ್ಕ ಬರೆಯುವ ಕೆಲಸ ಅವರಿಗೆ, ಬೆಳಿಗ್ಗೆ ನಾಲ್ಕೂವರೆಗೆ ಹೊರಡುದು ಇದರಲ್ಲೇ, ಮಳೆಗಾಲ ಬೇಸಿಗೆ ಅಂತ ಇಲ್ಲ. ಎಂಜಿನ್ ಬಗ್ಗೆ ಒಂದು ಮಾತು ಹೇಳುವ ಹಾಗಿಲ್ಲ, ಎರಡನೇ ಕಿಕ್ಕಿಗೆ ಸ್ಟಾರ್ಟ್. ಕರೆಂಟಿನ ವಿಷಯ ಮಾತ್ರ ಕೇಳ್ಬೇಡಿ. ಹಾರ್ನ್ ಒತ್ತಿದ್ರೆ ನಾಯಿಮರಿ ಕುಂಯ್ ಅಂದ ಹಾಗೆ, ಇಂಡಿಕೇಟರ್ ಹಾಕಿದ್ರೆ ಅದು ಮಿಣುಕುದೇ ಇಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ ಸುಮ್ಮನೆ ಉರ್ಕೊಂಡು ಇರ್ತದೆ, ಬ್ರೇಕ್ ಮೆಟ್ಟಿದ್ರೆ ಮೀಟರಿನಲ್ಲಿ ನ್ಯೂಟ್ರಲ್ ಲೈಟ್ ಸಣ್ಣ ಆಗ್ತದೆ. ಅಪ್ಪನಿಗೆ ಇದು ಯಾವುದೂ ಸಮಸ್ಯೆಯೇ ಅಲ್ಲ. ತಿರುಗುವಾಗ ಕೈ ತೋರಿಸ್ತಾರೆ, ಹಾರ್ನಿನ ಬದಲು "ಓಯ್" ಅಂತಾರೆ.

ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ನಾನು ರಜೆ ಹಾಕಿ ಊರಿಗೆ ಬಂದಿದ್ದೆ. ಒಂದು ಸಂಜೆ ಪಿರಿಪಿರಿ ಮಳೆ, ಈ ಗಾಡಿ ತಕೊಂಡು ಉಡುಪಿ ಪೇಟೆಗೆ ಹೋದವ ಕಲ್ಸಂಕದಲ್ಲಿ ಬಲಕ್ಕೆ ತಿರುಗಿಸ್ತಾ ಇದ್ದೆ, ಹಿಂದಿನಿಂದ ಬಂದ ಬಸ್ಸು ಒಂದು ಮೊಳ ದೂರದಲ್ಲಿ ಬ್ರೇಕ್ ಹಾಕಿ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ "ಇಂಡಿಕೇಟರ್ ಹಾಕ್ಲಿಕ್ಕೆ ಎಂತ ದಾಡಿ ಮಾರಾಯ ನಿಂಗೆ?" ಅಂದ. ಹಾಕಿದ್ದೆ ನಾನು. ಅವನಿಗೆ ಕಾಣ್ಲಿಲ್ಲ ಅಷ್ಟೆ, ಕಾಣುವಷ್ಟು ಅದು ಉರಿಲಿಲ್ಲ. ಮನೆಗೆ ಬಂದು ತಲೆ ಒರೆಸಿಕೊಳ್ತಾ ಅಪ್ಪನ ಹತ್ರ ಹೇಳಿದೆ, ಇದನ್ನು ಸಮ ಮಾಡಿಯೇ ನಾನು ಬೆಂಗಳೂರಿಗೆ ಹೋಗುದು ಅಂತ. "ಇದ್ದದ್ದು ಲಗಾಡಿ ತೆಗಿಬೇಡ" ಅಂದ್ರು, ಅಷ್ಟೇ ಆಶೀರ್ವಾದ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ, ಪಾರ್ಟ್ ಬದಲಿಸುದು. ಹಾರ್ನ್ ಸಣ್ಣ ಅಂದ್ರೆ ಬ್ಯಾಟರಿ ಹೋಗಿರ್ಬೇಕು ಅಂತ 12 ವೋಲ್ಟಿನ ಎರಡೂವರೆ ಆಂಪಿಯರ್-ಅವರಿನ ಹೊಸ ಬ್ಯಾಟರಿ ಹಾಕಿದೆ, ನಾಲ್ಕು ದಿನ ಒಂಚೂರು ಜೋರಾಗಿ ಕುಂಯ್ ಅಂದು ಮತ್ತೆ ಹಳೆ ರಾಗಕ್ಕೇ ಬಂತು. ಆಮೇಲೆ ಫ್ಲಾಶರ್, ಇಂಡಿಕೇಟರನ್ನು ಮಿಣುಕಿಸುವ ಸಣ್ಣ ಡಬ್ಬಿ. ಆಮೇಲೆ ಹಾರ್ನೇ ಹೊಸತು. ಇದರ ಮಧ್ಯೆ ಹೆಡ್‌ಲೈಟ್ ಬಲ್ಬು ಬೇರೆ ಹದಿನೈದು ದಿನದಲ್ಲಿ ಎರಡು ಸುಟ್ಟಿತು, ಅದು ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ, ಬಲ್ಬಿಗೆ ಬೈದು ಮೂರನೆಯದ್ದು ತಂದೆ. ಒಟ್ರಾಶಿ ಒಂದೂವರೆ ಸಾವಿರದಷ್ಟು ಹೋಯ್ತು, ಸ್ಪೇರ್ ಪಾರ್ಟ್ಸ್ ಅಂಗಡಿಯವರು ನನ್ನನ್ನು ನೋಡಿದ ಕೂಡ್ಲೆ "ಇವತ್ತು ಎಂತ ಬೇಕು?" ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು.

ಈ ಹಳೆ ಸ್ಪ್ಲೆಂಡರಿನಲ್ಲಿ ಒಂದೇ ಮನೆಯೊಳಗೆ ಎರಡು ಒಲೆ ಇದ್ದ ಹಾಗೆ. ಒಂದು ಒಲೆ ಮ್ಯಾಗ್ನೆಟ್ಟಿನದ್ದು, ಎಂಜಿನ್ ತಿರುಗುವಾಗ ಹುಟ್ಟುವ ಎಸಿ ಕರೆಂಟು, ಅದರಲ್ಲೇ ಸಿಡಿಐ ಅನ್ನುವ ಕಿಡಿ ಹಾರಿಸುವ ಡಬ್ಬಿಯಿಂದ ಪ್ಲಗ್ಗಿಗೆ ಕಿಡಿ ಹೋಗುದು, ಹೆಡ್‌ಲೈಟ್ ಉರಿಯುದು. ಇನ್ನೊಂದು ಬ್ಯಾಟರಿಯದ್ದು, ಡಿಸಿ, ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ನ್ಯೂಟ್ರಲ್ ಲೈಟ್ ಎಲ್ಲ ಇದರ ಲೆಕ್ಕ. ಹಾಗಾಗಿ ಬ್ಯಾಟರಿ ಪೂರ್ತಿ ಸತ್ತರೂ ಗಾಡಿ ಕಿಕ್ಕಿಗೆ ಸ್ಟಾರ್ಟ್ ಆಗ್ತದೆ, ಅಪ್ಪ ಇಷ್ಟು ವರ್ಷ ತಲೆಬಿಸಿ ಇಲ್ಲದೆ ಓಡಿಸಿದ್ದೂ ಅದಕ್ಕೇ. ನಿಂತಾಗ ಹೆಡ್‌ಲೈಟ್ ಮಂಕು, ಎಕ್ಸಲೇಟರ್ ಕೊಟ್ಟಾಗ ಜೋರು, ಅದು ಇದರ ಹುಟ್ಟುಗುಣ, ಫಾಲ್ಟ್ ಅಲ್ಲ, ಅದನ್ನು ರಿಪೇರಿ ಮಾಡ್ಲಿಕ್ಕೆ ಹೋಗ್ಬೇಡಿ.

ಒಲೆ ಎರಡಾದ್ರೂ ಬೂದಿ ಹೋಗುವ ದಾರಿ ಒಂದೇ, ಅದು ಅರ್ಥ್ (earth), ಅಂದ್ರೆ ಕರೆಂಟು ಚಾಸಿಸ್ಸಿನ ಮೂಲಕ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ಹೋಂಡಾ ವೈರಿಂಗಿನಲ್ಲಿ ಬಣ್ಣಕ್ಕೆ ಅರ್ಥ ಉಂಟು: ಕಪ್ಪು ಅಂದ್ರೆ ಕೀ ಆನ್ ಮಾಡಿದ ಮೇಲೆ ಬರುವ ಪ್ಲಸ್, ಕೆಂಪು ಬ್ಯಾಟರಿಯಿಂದ ನೇರ ಬರುದು, ಕಿತ್ತಳೆ ಎಡ ಇಂಡಿಕೇಟರ್, ತಿಳಿ ನೀಲಿ ಬಲದ್ದು, ಮತ್ತೆ ಬರೇ ಹಸಿರು ಅಂದ್ರೆ ಅರ್ಥ್. ಹಾರ್ನ್, ಬ್ರೇಕ್, ಇಂಡಿಕೇಟರ್ ಮೂರೂ ಒಟ್ಟಿಗೆ ನರಳ್ತದೆ ಅಂದ್ರೆ ಮೂರು ಪಾರ್ಟ್ ಒಟ್ಟಿಗೆ ಹಾಳಾಗಿರುದು ಕಮ್ಮಿ, ಮೂರಕ್ಕೂ ಸೇರಿದ ಒಂದು ಜಾಗ ಹಾಳಾಗಿರ್ತದೆ. ಇಷ್ಟು ಸಣ್ಣ ಬುದ್ಧಿ ನನಗೆ ಒಂದೂವರೆ ಸಾವಿರ ಕೊಟ್ಟ ಮೇಲೆ ಬಂತು.

ಆದ್ರೆ ಅರ್ಥ್ ನಾನು ಚೆಕ್ ಮಾಡಿದ್ದೆ! ಮಲ್ಟಿಮೀಟರ್ ಬೀಪ್ ಮೋಡಿಗೆ ಹಾಕಿ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಚಾಸಿಸ್ಸಿಗೆ ಇಟ್ಟರೆ ಬೀಪ್ ಅಂತ ಖುಷಿಯಲ್ಲಿ ಕೂಗಿತ್ತು, ಅರ್ಥ್ ಓಕೆ ಅಂತ ನಾನೂ ಮುಂದೆ ಹೋಗಿದ್ದೆ. ಇಲ್ಲೇ ಎಲ್ಲರೂ ಬೀಳುದು. ಬೀಪ್ ಮಾಡುವಾಗ ಮೀಟರ್ ಕಳಿಸುದು ಚೂರೇ ಚೂರು ಕರೆಂಟು, ವೈರಿನ ಒಂದು ಎಳೆ ಉಳಿದಿದ್ರೂ ಅದಕ್ಕೆ ಸಾಕು. ದಾರಿಯಲ್ಲಿ ಎರಡು ಓಮ್ ಅಡ್ಡಿ ಇದ್ರೂ ಬೀಪ್, ಹತ್ತು ಓಮ್ ಇದ್ರೂ ಬೀಪ್. ಬ್ರೇಕ್ ಬಲ್ಬು ಎಳೆಯುದು ಹಾಗಲ್ಲ, ಅದಕ್ಕೆ ಒಂದೂವರೆ ಆಂಪಿಯರ್ ಹತ್ರ ಬೇಕು. ಕಾಲುಸಂಕದಲ್ಲಿ ಕೋಳಿ ದಾಟಿತು ಅಂತ ಎಮ್ಮೆ ದಾಟ್ಲಿಕ್ಕೆ ಆಗ್ತದಾ?

ಹಾಗಾಗಿ ನೋಡ್ಬೇಕಾದ್ದು ಲೋಡ್ ಇರುವಾಗ, ಅಂದ್ರೆ ಬಲ್ಬು ಉರಿತಾ ಕರೆಂಟು ಎಳೆಯುವಾಗ. ಇಂಡಿಕೇಟರ್ ಹಾಕಿದ್ರೆ ರೀಡಿಂಗ್ ಕುಣಿತದೆ, ಅದಕ್ಕೆ ಬ್ರೇಕ್ ಲೈಟೇ ಒಳ್ಳೆದು. ಒಬ್ಬನೇ ಇದ್ದೆ, ಬ್ರೇಕ್ ಮೆಟ್ಟಿ ಹಿಡಿಲಿಕ್ಕೆ ಜನ ಇಲ್ಲ, ಹಟ್ಟಿಯ ಹತ್ರ ಬಿದ್ದಿದ್ದ ಅರ್ಧ ಮುರಕಲ್ಲು ತಂದು ಪೆಡಲ್ ಮೇಲೆ ಇಟ್ಟೆ. ಕೀ ಆನ್. ಮೀಟರ್ ಡಿಸಿ ವೋಲ್ಟಿಗೆ. ಮೊದಲು ಬ್ಯಾಟರಿಯ ಎರಡು ತುದಿಗೆ ಇಟ್ಟು ನೋಡಿದ್ರೆ 12.4, ಪರವಾಗಿಲ್ಲ. ಆಮೇಲೆ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿನಲ್ಲೇ ಬಿಟ್ಟು ಕೆಂಪು ಕಡ್ಡಿಯನ್ನು ಹಿಂದಿನ ಬಲ್ಬಿನ ಹಸಿರು ವೈರಿಗೆ ಚುಚ್ಚಿದೆ. ಎರಡೂ ಮೈನಸ್ಸೇ, ಮಧ್ಯೆ ಸೊನ್ನೆ ಬರ್ಬೇಕು, ಹೆಚ್ಚಂದ್ರೆ 0.2. ಬಂದದ್ದು 3.1.

ಅಂದ್ರೆ ಬಲ್ಬಿಗೆ ಸಿಗುದು ಬರೇ ಒಂಬತ್ತು ಚಿಲ್ಲರೆ ವೋಲ್ಟು, ಉಳಿದದ್ದು ದಾರಿಯಲ್ಲೇ ಯಾರೋ ತಿಂತಿದ್ದಾರೆ. ಒಂದೂವರೆ ಆಂಪಿಯರಿಗೆ ಮೂರು ವೋಲ್ಟು ಅಂದ್ರೆ ಎರಡು ಓಮ್. ಅಷ್ಟಕ್ಕೇ ಗಾಡಿಯ ಧ್ವನಿ ಅಡಗಿತ್ತು.

ಇನ್ನು ಕೆಂಪು ಕಡ್ಡಿಯನ್ನು ಹಿಂದಿನಿಂದ ಮುಂದಕ್ಕೆ ತರುದು, ಎಲ್ಲಿ ಆ 3.1 ಇಳಿತದೋ ಅಲ್ಲೇ ಫಾಲ್ಟ್. ಎಂಜಿನ್ ಫಿನ್ನಿನ ಮೇಲೆ 3.1. ಚಾಸಿಸ್ಸಿನ ಪೇಂಟ್ ಕೆರೆದು ಇಟ್ಟರೆ 3.1. ಟ್ಯಾಂಕ್ ಬಿಚ್ಚಿದೆ. ಅಡಿಯಲ್ಲಿ ಇಗ್ನಿಷನ್ ಕಾಯಿಲ್ ಕೂರಿಸಿದ ಬೋಲ್ಟಿಗೇ ಅರ್ಥಿನ ಕಿವಿ (ವೈರಿನ ತುದಿಯ ಲೋಹದ ಬಳೆ) ಕೊಟ್ಟಿದ್ದಾರೆ, ಆ ಬೋಲ್ಟಿನ ತಲೆ ಮೇಲೆ 3.1, ಕಿವಿಯಿಂದ ಒಂದು ಇಂಚು ಈಚೆ, ಬ್ಯಾಟರಿ ಕಡೆಗೆ ಹೋಗುವ ಹಸಿರು ವೈರಿಗೆ ಸೂಜಿ ಚುಚ್ಚಿ ನೋಡಿದ್ರೆ 0.1. ಸಿಕ್ಕಿತು. ಬೋಲ್ಟ್ ತೆಗೆದು ನೋಡಿದ್ರೆ ಕಿವಿಯ ಅಡಿ ಪೂರ್ತಿ ಕಿಲುಬು, ದೇವರ ಕೋಣೆಯ ತೊಳಿಯದ ದೀಪದ ಹಾಗೆ ಹಸಿರು, ವೈರು ಕೂಡ ಹಸಿರು, ಒಳಗಿನ ಎಳೆಗಳು ಎಳೆದ್ರೆ ಕಪ್ಪು ಪುಡಿಯಾಗಿ ಉದುರಿತು, ಎರಡೋ ಮೂರೋ ಎಳೆ ಮಾತ್ರ ಜೀವ ಹಿಡ್ಕೊಂಡಿತ್ತು.

ಇದು ಗಾಡಿಯ ತಪ್ಪಲ್ಲ. ಕಡಲಿನ ಗಾಳಿ ಒಂದು, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ರ ಸುರಿಯುವ ಮಳೆ ಒಂದು, ಎಲ್ಲಕ್ಕಿಂತ ಮೇಲೆ ನಮ್ಮ ಹೈವೇಯಲ್ಲಿ ಮೀನಿನ ಲಾರಿಯಿಂದ ಸುರ್ಕೊಂಡು ಹೋಗುವ ಐಸ್ ನೀರು, ಅದರ ಹಿಂದೆ ಬೈಕಿನಲ್ಲಿ ಹೋದವರಿಗೆ ಗೊತ್ತು. ಅಪ್ಪನ ಗಾಡಿ ದಿನಾ ಬಂದರಿನಲ್ಲಿ ನಿಲ್ಲುದು, ಉಪ್ಪುನೀರು ತಾಗದ ದಿನ ಇಲ್ಲ. ತಾಮ್ರಕ್ಕೆ ಉಪ್ಪುನೀರು ಸೇರಿದ್ರೆ ಕಿಲುಬು ಬರ್ಲೇಬೇಕು.

ಹೆಡ್‌ಲೈಟ್ ಬಲ್ಬು ಸುಡುದರ ಗುಟ್ಟೂ ಇಲ್ಲೇ ಇತ್ತು. ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಹೆಚ್ಚಾದ ವೋಲ್ಟೇಜನ್ನು ಅರ್ಥಿಗೆ ಇಳಿಸಿ ಬಲ್ಬನ್ನು ಕಾಪಾಡುದು, ಇಳಿಸುವ ದಾರಿಯೇ ಸರಿ ಇಲ್ಲದಿದ್ರೆ ಜೋರು ಓಡಿಸಿದಾಗ ಎಲ್ಲ ಬಲ್ಬಿನ ತಲೆಗೆ. ಚಾರ್ಜ್ ಆಗುವ ಕರೆಂಟೂ ಅದೇ ಕಿಲುಬನ್ನು ದಾಟಿ ಬರ್ಬೇಕು, ಹಾಗಾಗಿ ಹೊಸ ಬ್ಯಾಟರಿ ನಾಲ್ಕೇ ದಿನದಲ್ಲಿ ಸುಸ್ತು. ಪಾಪ, ಹಳೆ ಬ್ಯಾಟರಿಯನ್ನು ಸುಮ್ಮನೆ ಗುಜರಿಗೆ ಕೊಟ್ಟೆ.

ಅಮ್ಮ ಚಾ ತಂದವರು ಬಗ್ಗಿ ನೋಡಿ "ಹುಣಸೆಹುಳಿ ಹಾಕಿ ತಿಕ್ಕು, ಲಕಲಕ ಆಗ್ತದೆ" ಅಂದ್ರು. ಬೋಲ್ಟು ವಾಷರಿಗೆ ಹಾಗೇ ಮಾಡಿದೆ, ನಿಜವಾಗ್ಲೂ ಲಕಲಕ ಆಯ್ತು, ತೊಳೆದು ಒಲೆ ಹತ್ರ ಒಣಗಿಸಿದೆ. ಆದ್ರೆ ವೈರು ಸಿಕ್ಕಿಸುವ ಕಪ್ಲರ್ ಒಳಗೆ, ವೈರಿನ ಎಳೆಗೆ ಹುಳಿ ಮುಟ್ಟಿಸ್ಬೇಡಿ, ಒಳಗೆ ಉಳಿದ ಹುಳಿ ಮತ್ತೆ ತಾಮ್ರ ತಿಂತದೆ, ಅಲ್ಲಿಗೆ ಕಾಂಟ್ಯಾಕ್ಟ್ ಕ್ಲೀನರೇ ಸರಿ. ವೈರಿನ ಕಪ್ಪಾದ ತುದಿ ಒಂದು ಗೇಣು ಕತ್ತರಿಸಿ, ಒಳ್ಳೆ ತಾಮ್ರ ಕಂಡ ಜಾಗದಿಂದ ಹೊಸ ವೈರು ಬೆಸುಗೆ ಹಾಕಿ, ಹೊಸ ಕಿವಿ ಒತ್ತಿ, ಚಾಸಿಸ್ಸನ್ನು ಉಪ್ಪುಕಾಗದದಲ್ಲಿ ಬೆಳ್ಳಗೆ ಉಜ್ಜಿ, ಬೋಲ್ಟ್ ಬಿಗಿ ಮಾಡಿದ ಮೇಲೆ ಸುತ್ತ ಗ್ರೀಸ್ ಮೆತ್ತಿದೆ. ಮುರಕಲ್ಲು ಪುನಃ ಪೆಡಲ್ ಮೇಲೆ. ಮೀಟರಿನಲ್ಲಿ 0.06. ಹಾರ್ನ್ ಒತ್ತಿದೆ, ಮಾಡಿನ ಮೇಲಿದ್ದ ಕಾಗೆ ಹಾರಿತು.

ಕಥೆ ಇಲ್ಲಿಗೆ ಮುಗಿಬೇಕಿತ್ತು. ಮರುದಿನ ಸಂತೆಕಟ್ಟೆ ಹತ್ರ ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಎಂಜಿನ್ ಮಾತ್ರ ಓಡ್ತಾ ಉಂಟು. ಫ್ಯೂಸ್ ಹೋಗಿತ್ತು. ಹೊಸತು ಹಾಕಿದೆ, ಮನೆ ಗೇಟಿನ ಹತ್ರ ತಿರುಗಿಸುವಾಗ ಅದೂ ಹೋಯ್ತು. ಮೂರನೆಯದ್ದೂ. ಬಾವ ಬಂದವರು "ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಹಾಕು ಮಾರಾಯ, ಮತ್ತೆ ಹೋಗುದೇ ಇಲ್ಲ" ಅಂದ್ರು. ನಿಜ, ಮತ್ತೆ ಫ್ಯೂಸ್ ಹೋಗುದಿಲ್ಲ, ಹೋಗುದು ವೈರಿಂಗು, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ಸುಟ್ಕೊಂಡು. ಬಾವನಿಗೆ ಚಾ ಕೊಟ್ಟು ಕೂರಿಸಿದೆ.

ಸುಟ್ಟ ಫ್ಯೂಸಿನ ಜಾಗಕ್ಕೆ ನಾನು ಹಾಕಿದ್ದು ಹಳೆ ಹೆಡ್‌ಲೈಟ್ ಬಲ್ಬು, ಹೈ ಬೀಮಿನ ಎಳೆ ಹೋಗಿತ್ತು, ಲೋ ಬೀಮಿನದ್ದು ಉಳಿದಿತ್ತು, 35 ವ್ಯಾಟಿನದ್ದು. ಎರಡು ವೈರು ಕಟ್ಟಿ ಫ್ಯೂಸಿನ ಎರಡು ತುದಿಗೆ ಸಿಕ್ಕಿಸುದು ಅಷ್ಟೆ. ಎಲ್ಲೋ ಶಾರ್ಟ್ ಇದ್ರೆ ಪೂರ್ತಿ ವೋಲ್ಟೇಜ್ ಬಲ್ಬಿಗೇ ಬಂದು ಅದು ಪಳ್ಳನೆ ಉರಿತದೆ, ಆದ್ರೆ ಮೂರು ಆಂಪಿಯರಿಗಿಂತ ಹೆಚ್ಚು ಹರಿಲಿಕ್ಕೆ ಬಿಡುದಿಲ್ಲ, ವೈರು ಸುಡುದಿಲ್ಲ, ಫ್ಯೂಸ್ ಖರ್ಚಿಲ್ಲ. ರಾತ್ರಿ ಊಟ ಆದ ಮೇಲೆ ಅಂಗಳದ ಲೈಟ್ ಆಫ್ ಮಾಡಿ ಮಾಡಿದೆ. ಕೀ ಆಫ್ ಇರುವಾಗ ಬಲ್ಬು ಇಲ್ಲ, ಹಾಗಾದ್ರೆ ಕೆಂಪು ವೈರು ಬಚಾವ್. ಕೀ ಆನ್ ಮಾಡಿದೆ, ಆಗಲೂ ಇಲ್ಲ. ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ, ಇಲ್ಲ. ಎಡಕ್ಕೆ ತಿರುಗಿಸಿದ್ದೇ ಅಂಗಳ ಇಡೀ ಬೆಳಕು. ಬಾವ "ಅಯ್ಯೋ" ಅಂದ್ರು.

ಕೀ ಆನ್ ಆದ ಮೇಲೆ ಮಾತ್ರ, ಹ್ಯಾಂಡಲ್ ಎಡಕ್ಕೆ ಮಾತ್ರ. ಅಂದ್ರೆ ಕಪ್ಪು ವೈರು, ಹ್ಯಾಂಡಲಿನ ಕುತ್ತಿಗೆ ಹತ್ರ. ಟ್ಯಾಂಕ್ ಪುನಃ ಎತ್ತಿ ನೋಡಿದ್ರೆ ತಪ್ಪು ನನ್ನದೇ, ಮೊನ್ನೆ ವೈರಿಂಗ್ ಒಳಗೆ ಹಾಕುವಾಗ ಕ್ಲಿಪ್ಪಿನೊಳಗೆ ಕೂರಿಸ್ಲಿಲ್ಲ, ಹೊರಗೆ ಬಿಟ್ಟಿದ್ದೆ, ಎಡಕ್ಕೆ ತಿರುಗಿಸಿದಾಗೆಲ್ಲ ಹ್ಯಾಂಡಲಿನ ಸ್ಟಾಪರ್ ಅದನ್ನು ಚಾಸಿಸ್ಸಿಗೆ ಒತ್ತಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಸಿಪ್ಪೆ ಸುಲಿದಿತ್ತು. ಬೆರಳಿನಲ್ಲಿ ವೈರು ಎತ್ತಿದೆ, ಬಲ್ಬು ಆರಿತು. ಬಿಟ್ಟೆ, ಉರಿತು. ಬಾವ ತಾವೂ ಎರಡು ಸಲ ಎತ್ತಿ ಬಿಟ್ಟು ನೋಡಿದ್ರು. ಟೇಪು, ಅದರ ಮೇಲೆ ಸ್ಲೀವು, ಕ್ಲಿಪ್ಪಿನೊಳಗೆ ಕೂರಿಸಿ, ಹೊಸ ಫ್ಯೂಸ್ ಹಾಕಿ ಮಲಗುವಾಗ ಹನ್ನೊಂದೂವರೆ.

ಬೆಳಿಗ್ಗೆ ಅಪ್ಪನಿಗೆ ಎಲ್ಲ ತೋರಿಸಿದೆ, ಇದು ಎಡ, ಇದು ಬಲ, ಹಾರ್ನ್ ಇಲ್ಲಿ. "ಗೊತ್ತುಂಟು, ನಾನೇ ತಕೊಂಡ ಗಾಡಿ ಅಲ್ವಾ" ಅಂದ್ರು. ಮಧ್ಯಾಹ್ನ ಬಂಗಡೆ ತಕೊಂಡು ವಾಪಸ್ ಬರುವಾಗ ನಾನು ಗೇಟಿನ ಹತ್ರವೇ ಇದ್ದೆ. ಬಲ ಇಂಡಿಕೇಟರ್ ಟಕ್ ಟಕ್ ಅಂತ ಚಂದ ಮಿಣುಕ್ತಾ ಇತ್ತು, ಮಲ್ಪೆಯಿಂದ ಹಾಗೇ ಹಾಕ್ಕೊಂಡು ಬಂದಿದ್ರೋ ಏನೋ, ನಮ್ಮ ಗೇಟು ಇರುದು ಎಡಕ್ಕೆ. ಎಡಗೈ ಹೊರಗೆ ಚಾಚಿ ತೋರಿಸಿ, ಒಳಗೆ ತಿರುಗಿಸಿದ್ರು.