ಕೆಂಪು ದಾರದ ಕೊಡೆ

ನಾನು ದಿನಾ ಮಂಡಗದ್ದೆಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುತ್ತೇನೆ. ಅಡಿಕೆ ಮಂಡಿಯೊಂದರಲ್ಲಿ ತೂಕದ ಚೀಟಿ ಬರೆಯುವ ಕೆಲಸ.

ಜುಲೈ ತಿಂಗಳು. ತುಂಗೆ ಕೆಂಪಾಗಿ ಹರಿಯುತ್ತಿದ್ದಳು. ನಡುಗಡ್ಡೆಯ ಮರಗಳ ತುಂಬಾ ಬೆಳ್ಳಕ್ಕಿ. ಬಸ್ಸಿನೊಳಗೆ ಎಲ್ಲಿ ನೋಡಿದರೂ ತೊಟ್ಟಿಕ್ಕುವ ಕೊಡೆಗಳು. ಗಾಜನೂರಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬರು ಇಳಿಯಲು ಎದ್ದರು. ಕೈಯಲ್ಲಿ ನನ್ನ ಕೊಡೆ! ಕಪ್ಪು ಬಟ್ಟೆ, ಹಿಡಿಗೆ ಸುತ್ತಿದ ಕೆಂಪು ದಾರ, ಒಂದು ಕಡ್ಡಿಗೂ ಅದೇ ದಾರದ ಕಟ್ಟು. "ರೀ, ಅದು ನಂದು" ಅಂತ ಜೋರಾಗಿಯೇ ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು. ಅವರು ಮಾತಾಡಲಿಲ್ಲ, ನನ್ನ ಸೀಟಿನ ಕೆಳಗೆ ಬೆರಳು ತೋರಿಸಿದರು. ನನ್ನ ಕೊಡೆ ಅಲ್ಲೇ ಬಿದ್ದಿತ್ತು.

"ಗಾಂಧಿ ಬಜಾರಲ್ಲಿ ರಿಪೇರಿ ಮಾಡಿಸಿದ್ದಾ?" ಅಂತಷ್ಟೇ ಕೇಳಿ ಇಳಿದುಹೋದರು. ಹೌದು, ಅಲ್ಲೇ. ರಿಪೇರಿಯವರ ಹತ್ತಿರ ಇದ್ದದ್ದು ಒಂದೇ ಉಂಡೆ ದಾರ ಇರಬೇಕು. ನನ್ನದೊಂದಕ್ಕೇ ಇರುವ ಗುರುತು ಅಂತ ನಾನು ನಂಬಿಕೊಂಡಿದ್ದೆ, ಅಷ್ಟೇ.

ಅವತ್ತೇ ಮಧ್ಯಾಹ್ನ ಮಂಡಿಗೆ ಒಬ್ಬ ರೈತರು 18 ಮೂಟೆ ರಾಶಿ ಅಡಿಕೆ ತಂದರು. ಬರೆಯುತ್ತಾ ನೋಡಿದರೆ ನಾಲ್ಕನೇ ಮೂಟೆ 65.4 ಕಿಲೋ, ಹನ್ನೊಂದನೆಯದೂ 65.4. ಬೇರೆ ದಿನ ಆಗಿದ್ದರೆ "ಒಂದೇ ಮೂಟೆ ಎರಡು ಸಲ ತೂಗಿದ್ದೀರಾ?" ಅಂತ ಹಮಾಲಿಗಳ ಮೇಲೆ ಹಾರಿಬೀಳುತ್ತಿದ್ದೆ. ಬೆಳಗಿನ ಮುಖಭಂಗ ಇನ್ನೂ ಬಿಸಿಯಾಗಿತ್ತು. ಸುಮ್ನೆ ಮೂಟೆಗಳನ್ನು ಎಣಿಸಿದೆ. ಹದಿನೆಂಟೇ ಇದ್ದವು. ಆ ಎರಡನ್ನೂ ಮತ್ತೆ ತೂಗಿಸಿದೆ. ಎರಡೂ 65.4.

ಸಂಜೆ ಬಸ್ಸಿನಲ್ಲಿ ಟಿಕೆಟ್ ಹಿಂದೆ ಲೆಕ್ಕ ಹಾಕಿದೆ. ನಮ್ಮಲ್ಲಿ ಮೂಟೆಗಳು ಹೆಚ್ಚುಕಡಿಮೆ 60ರಿಂದ 70 ಕಿಲೋ ಒಳಗೇ ಬರುತ್ತವೆ. ತಕ್ಕಡಿ ತೋರಿಸುವುದು 100 ಗ್ರಾಂ ಲೆಕ್ಕದಲ್ಲಿ. ಅಂದರೆ ಬರಬಹುದಾದ ಅಂಕಿಗಳು ಸುಮಾರು 100. ನಾನು ಯಾವಾಗಲೂ 'ನೂರರಲ್ಲಿ ಒಂದು, ಹಾಗೆಲ್ಲ ಆಗಲ್ಲ' ಅಂದುಕೊಳ್ಳುತ್ತಿದ್ದೆ. ತಪ್ಪಿದ್ದು ಅಲ್ಲೇ. ಹೋಲಿಸುವುದು ಒಂದು ಜೋಡಿಯನ್ನಲ್ಲ. 18 ಮೂಟೆಯಲ್ಲಿ 153 ಜೋಡಿ ಇವೆ! ಎಲ್ಲಾ ಅಂಕಿಗಳೂ ಒಂದೇ ಸಮ ಬರುತ್ತವೆ ಅಂದುಕೊಂಡರೂ, ಎಲ್ಲೋ ಒಂದು ಕಡೆ ಎರಡು ತೂಕ ಸೇರುವುದು ಹತ್ತರಲ್ಲಿ ಎಂಟು ಸಲ. 13 ಮೂಟೆಗೇ ಅರ್ಧಕ್ಕಿಂತ ಜಾಸ್ತಿ. ನಿಜವಾದ ಮೂಟೆಗಳಂತೂ 65ರ ಆಸುಪಾಸಿನಲ್ಲೇ ಗುಂಪಾಗುತ್ತವೆ, ಹಾಗಾಗಿ ಇನ್ನೂ ಜಾಸ್ತಿ. 23 ಜನ ಸೇರಿದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅಂತಾರಲ್ವಾ, ಅದೇ ಲೆಕ್ಕ.

ಹೋದ ವರ್ಷ ಇದೇ ಅನುಮಾನದಲ್ಲಿ ಹೊಸನಗರ ಕಡೆಯ ಒಬ್ಬರನ್ನು ಸಂಜೆವರೆಗೂ ಕೂರಿಸಿದ್ದೆ. ಅವರಿಗೆ ಊರಿನ ಕೊನೇ ಬಸ್ಸು ತಪ್ಪಿತು. ಮಾಲು ಸರಿಯಾಗಿಯೇ ಇತ್ತು. ತೂಕ ಸೇರಿದರೆ ಸಾಕು, ಕಳ್ಳಾಟ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಲೆಕ್ಕ ಮುಗಿಸಿದ ಮೇಲೆ ಮಂಡಗದ್ದೆವರೆಗೂ ಅವರ ಮುಖವೇ ಕಣ್ಣ ಮುಂದೆ.

ಈಗ ಪ್ರತಿ ಮೂಟೆಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಸುತ್ತೇನೆ, ಚೀಟಿಯಲ್ಲೂ ತೂಕದ ಪಕ್ಕ ಅದೇ ನಂಬರ್. ಅನುಮಾನ ಬಂದರೆ ಎರಡು ಮೂಟೆ ಎಳೆಸಿ ನೋಡಿದರಾಯಿತು, ಎರಡು ನಿಮಿಷದ ಕೆಲಸ. ಮಳೆಗಾಲದಲ್ಲಿ ಗೋಣಿ ಒದ್ದೆಯಾಗಿ ಸೀಮೆಸುಣ್ಣ ಹತ್ತುವುದಿಲ್ಲ ಅಂತ ಹಮಾಲಿಗಳ ಗೊಣಗಾಟ ಇದ್ದೇ ಇದೆ.

ಆ ಹೆಂಗಸು ಈಗಲೂ ಅದೇ ಬಸ್ಸಿಗೆ ಬರುತ್ತಾರೆ. ಗಾಜನೂರು ಬಂತೆಂದರೆ ಕೊಡೆ ಎತ್ತಿ ಒಮ್ಮೆ ನನಗೆ ತೋರಿಸಿಯೇ ಇಳಿಯುವುದು.